ಕುಣಿತ ಗೋಡೆಗೇರಿದ ಊರು

ಚಿತ್ರ, ಶಿಲ್ಪ, ನೃತ್ಯ, ನಾಟಕ, ಸಂಗೀತ: ಇವನ್ನೆಲ್ಲ ಜೊತೆಜೊತೆಗೆ ಕಲಿಯಬೇಕೆಂದು ವಿಶ್ವವಿದ್ಯಾಲಯದ ಬಾಗಿಲು ತಟ್ಟುವವರಿಗೆ ಶಾಂತಿನಿಕೇತನದ ನೂರು ವರ್ಷ ಏನು ಹೇಳುತ್ತದೆ? ನಮ್ಮ ಮೈಸೂರು ಅದರಿಂದ ಏನು ಪಡೆಯಬಹುದು?

1927ರ ಜನವರಿ. ಕೋಲ್ಕತ್ತದ ಜೋರಾಸಾಂಕೊದಲ್ಲಿ, ಟ್ಯಾಗೋರ್ ಮನೆತನದ ಮನೆಯಲ್ಲಿ, 'ನಟೀರ್ ಪೂಜಾ' ನಾಟಕದ ಪ್ರಯೋಗ. ಬುದ್ಧನ ಪೂಜೆಗೆ ರಾಜಾಜ್ಞೆಯ ತಡೆ ಬಿದ್ದಿದ್ದ ಕಾಲದ ಕಥೆ ಅದು. ಸ್ತೂಪದ ಮುಂದೆ ಕುಣಿದು ಆ ಜಾಗವನ್ನು ಮೈಲಿಗೆ ಮಾಡು ಎಂದು ಅರಮನೆಯ ನರ್ತಕಿ ಶ್ರೀಮತಿಗೆ ಅಪ್ಪಣೆಯಾಗುತ್ತದೆ. ಅವಳು ಕುಣಿಯುತ್ತಾಳೆ. ಕುಣಿಯುತ್ತಲೇ ಒಂದೊಂದಾಗಿ ಒಡವೆ ಕಳಚುತ್ತಾಳೆ, ಮೇಲಿನ ಉಡುಪು ಸರಿದಾಗ ಒಳಗೆ ಭಿಕ್ಷುಣಿಯ ಕಾಷಾಯ ಕಾಣುತ್ತದೆ. ಅವಮಾನಕ್ಕೆಂದು ಆಡಿಸಿದ ಕುಣಿತ ಪೂಜೆಯಾಗಿಬಿಟ್ಟಿದೆ. ಕಾವಲಿನವರ ಕೈಯಲ್ಲಿ ಅವಳು ಪ್ರಾಣ ಬಿಡುತ್ತಾಳೆ.

ಅಂದು ಶ್ರೀಮತಿಯ ಪಾತ್ರ ವಹಿಸಿದ್ದು ಗೌರಿ, ಚಿತ್ರಕಾರ ನಂದಲಾಲ್ ಬೋಸರ ಮಗಳು. ಮರ್ಯಾದಸ್ಥರ ಮನೆಯ ಹೆಣ್ಣುಮಗಳು ಊರೆದುರು ಕುಣಿಯುವುದೆಂದರೆ ಆಗಿನ ಬಂಗಾಳದಲ್ಲಿ ಸಣ್ಣ ಮಾತಾಗಿರಲಿಲ್ಲ. ಟೀಕೆಯ ಮೊನೆಯನ್ನು ತಮ್ಮತ್ತ ತಿರುಗಿಸಿಕೊಳ್ಳಲೆಂದೇ ರವೀಂದ್ರನಾಥ ಟ್ಯಾಗೋರರು ಹೆಂಗಸರೇ ತುಂಬಿದ್ದ ಆ ನಾಟಕಕ್ಕೆ ಉಪಾಲಿ ಎಂಬ ಭಿಕ್ಷುವಿನ ಪಾತ್ರವನ್ನು ಸೇರಿಸಿ ತಾವೇ ರಂಗಕ್ಕೆ ಬಂದರು. ಅದಾಗಿ ಹದಿನೈದು ವರ್ಷಗಳ ಮೇಲೆ, 1942ರಲ್ಲಿ, ನಂದಲಾಲರು ಶಾಂತಿನಿಕೇತನದ ಚೀನಾ ಭವನದ ಗೋಡೆಗೆ 'ನಟೀರ್ ಪೂಜಾ'ವನ್ನು ಚಿತ್ರವಾಗಿ ಏರಿಸಿದರು. ಮರುವರ್ಷ ಅದೇ ವಸ್ತುವನ್ನು ಬರೋಡಾದ ಕೀರ್ತಿಮಂದಿರದ ಗೋಡೆಯ ಮೇಲೂ ಬರೆದರು. ಬಣ್ಣಕ್ಕಿಂತ ರೇಖೆಯ ಮೇಲೆ ನಿಂತ ಚಿತ್ರಗಳು ಇವು. ಬಾಗಿದ ಸೊಂಟ, ಎತ್ತಿದ ಕೈ, ಹಿಂದೆ ಸರಿದ ಹೆಜ್ಜೆ, ಒಂದೊಂದು ಗೆರೆಯೂ ಒಂದು ಚಲನೆಯನ್ನು ಹಿಡಿದಿದೆ. ಮಗಳ ಕುಣಿತವನ್ನು ತಾಲೀಮಿನಿಂದ ರಂಗದವರೆಗೆ ಕಂಡವರ ಕೈಗೆ ಮಾತ್ರ ಒಲಿಯುವ ಗೆರೆ ಅದು ಎಂದು ನನ್ನ ನಂಬಿಕೆ.

ಈ ಚಿತ್ರ ಯಾವ ವಿಭಾಗಕ್ಕೆ ಸೇರಿದ್ದು? ನಾಟಕವೆನ್ನೋಣವೇ, ನೃತ್ಯವೆನ್ನೋಣವೇ, ಚಿತ್ರಕಲೆಯೆನ್ನೋಣವೇ? ಇಂದು ದೃಶ್ಯಕಲೆ, ಪ್ರದರ್ಶನ ಕಲೆಗಳನ್ನು ಬೆಸೆದು ಪದವಿ ಮಾಡಹೊರಟ ವಿದ್ಯಾರ್ಥಿಯ ಮುಂದಿರುವುದೂ ಇದೇ ಪ್ರಶ್ನೆ. ಶಾಂತಿನಿಕೇತನ ಇದಕ್ಕೆ ಕೊಟ್ಟ ಉತ್ತರ ನಾವು ಸಾಮಾನ್ಯವಾಗಿ ಅಂದುಕೊಂಡಿರುವುದಕ್ಕಿಂತ ಬೇರೆಯಾಗಿದೆ.

ಬೇರೆಯಾದ ಮೇಲೆ ಕೂಡಿದ್ದು

ಕಲಾಭವನ ಆರಂಭವಾದದ್ದು 1919ರಲ್ಲಿ. ವಿಶ್ವಭಾರತಿ ವಿಧ್ಯುಕ್ತವಾಗಿ ಹುಟ್ಟಿದ್ದು 1921ರ ಡಿಸೆಂಬರಿನಲ್ಲಿ, ಎಂದರೆ ಕಲಾಶಾಲೆಗೆ ವಿಶ್ವವಿದ್ಯಾಲಯಕ್ಕಿಂತ ವಯಸ್ಸು ಹೆಚ್ಚು. ಮೊದಲ ವರ್ಷಗಳಲ್ಲಿ ಚಿತ್ರ, ಸಂಗೀತ, ನೃತ್ಯ ಮೂರೂ ಕಲಾಭವನದ ಒಂದೇ ಸೂರಿನಡಿ ಇದ್ದವು. 1933ರಲ್ಲಿ ಅದು ಕವಲೊಡೆಯಿತು. ಚಿತ್ರ, ಶಿಲ್ಪ ಕಲಾಭವನದಲ್ಲಿ ಉಳಿದವು, ಹಾಡು, ಕುಣಿತ ಸಂಗೀತ ಭವನಕ್ಕೆ ಹೋದವು.

ಅಲ್ಲಿಗೆ ಒಡನಾಟ ಮುಗಿಯಬೇಕಿತ್ತು. ಆದದ್ದು ತದ್ವಿರುದ್ಧ. ಶಾಂತಿನಿಕೇತನದ ದೊಡ್ಡ ಕೂಡುಕೆಲಸಗಳೆಂದು ನಾವು ಇಂದು ನೆನೆಯುವ ನೃತ್ಯನಾಟಕಗಳೆಲ್ಲ ಬಂದದ್ದು ಹೀಗೆ ಪಾಲಾದ ಮೇಲೆ: 1936ರಲ್ಲಿ 'ಚಿತ್ರಾಂಗದಾ', 1938ರಲ್ಲಿ 'ಚಂಡಾಲಿಕಾ', 1939ರಲ್ಲಿ 'ಶ್ಯಾಮಾ'. ಕವಿಗೆ ಎಪ್ಪತ್ತೈದು ದಾಟುತ್ತಿದ್ದ ವರ್ಷಗಳು ಅವು. ಪದ್ಯ, ರಾಗ ಅವರವು. ನೃತ್ಯದ ತಾಲೀಮನ್ನು ಸೊಸೆ ಪ್ರತಿಮಾ ದೇವಿ, ಶಾಂತಿದೇವ ಘೋಷ್ ಮೊದಲಾದವರು ನೋಡಿಕೊಂಡರು. ವೇಷ, ರಂಗಸಜ್ಜಿಕೆಯ ಹೊಣೆ ನಂದಲಾಲ್, ಸುರೇಂದ್ರನಾಥ ಕರ್ ಅವರಿದ್ದ ಕಲಾಭವನಕ್ಕೆ. ನಾಟಕ ಬಂತೆಂದರೆ ಎರಡು ಭವನಗಳ ನಡುವಿನ ದಾರಿ ಸವೆಯುತ್ತಿತ್ತು.

ನಾನು ಈ ಇತಿಹಾಸದಿಂದ ಎತ್ತಿಕೊಳ್ಳುವುದು ಇಷ್ಟು: ಕಲೆಗಳನ್ನು ಕೂಡಿಸಲು ವಿಭಾಗಗಳನ್ನು ಒಡೆದು ಒಂದು ಮಾಡಬೇಕಾಗಿಲ್ಲ. ಚಿತ್ರದವನಿಗೂ ನೃತ್ಯದವಳಿಗೂ ಒಂದೇ ದಿನಾಂಕದ ಗಡುವು ಬೇಕು. ಒಂದು ಪ್ರಯೋಗ, ಒಂದು ಹಬ್ಬ, ನಾಳೆ ಸಂಜೆ ಜನ ಬಂದು ಕೂರುತ್ತಾರೆ ಎಂಬ ದಿಗಿಲು. ಆಗ ಬಟ್ಟೆಗೆ ಬಣ್ಣ ಹಾಕುವವನು ದೀಪದ ಬಗ್ಗೆ ಕೇಳಲೇಬೇಕಾಗುತ್ತದೆ, ಕುಣಿಯುವವಳು ಸೆರಗಿನ ಉದ್ದದ ಬಗ್ಗೆ ಹೇಳಲೇಬೇಕಾಗುತ್ತದೆ. ಮಿಕ್ಕದ್ದು ತಾನಾಗಿ ಆಗುತ್ತದೆ.

ಶಾಂತಿನಿಕೇತನದಲ್ಲಿ ಅಂಥ ಗಡುವುಗಳಿಗೆ ಬರವಿರಲಿಲ್ಲ. ವಸಂತೋತ್ಸವ, ವರ್ಷಾಮಂಗಲ, ಪೌಷ ಮೇಳ, 1928ರಿಂದ ವೃಕ್ಷಾರೋಪಣ. ಗಿಡ ನೆಡುವುದಕ್ಕೂ ಒಂದು ಮೆರವಣಿಗೆ, ಅದಕ್ಕೊಂದು ಹಾಡು, ಹೆಜ್ಜೆ, ಸಸಿಗೆ ಅಲಂಕರಿಸಿದ ಪಲ್ಲಕ್ಕಿ. ಪಕ್ಕದ ಶ್ರೀನಿಕೇತನದಲ್ಲಿ ನೇಗಿಲು ಹೂಡುವ ಹಲಕರ್ಷಣ ಉತ್ಸವ ನಡೆಯಿತು. ನಂದಲಾಲರು ಅದನ್ನು 1930ರಲ್ಲಿ ಅಲ್ಲಿನ ಗೋಡೆಯ ಮೇಲೆ ಭಿತ್ತಿಚಿತ್ರ ಮಾಡಿದರು. ಉತ್ಸವ ಮೊದಲು, ಚಿತ್ರ ಆಮೇಲೆ. ಅವರ ಎಷ್ಟೋ ಗೋಡೆಗಳ ಹಿಂದೆ ಈ ಕ್ರಮವಿದೆ.

ನೆಲ, ಡಾಂಬರು, ಜಲ್ಲಿ

ಕೂಡಿ ಮಾಡುವುದೆಂದರೆ ಹೇಗಿರುತ್ತದೆ ಎಂದು ತಿಳಿಯಲು ಆಲ್ಪನಾ ಬಿಡಿಸುವುದನ್ನು ಹತ್ತಿರದಿಂದ ನೋಡಬೇಕು. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು ತೆಳ್ಳಗೆ ಕಲಸಿದ ಹಿಟ್ಟು. ಅದರಲ್ಲಿ ಅದ್ದಿದ ಬಟ್ಟೆಯ ಚೂರನ್ನು ಅಂಗೈಯೊಳಗೆ ಹಿಡಿದು ಹಿಂಡಿದರೆ ಹಿಟ್ಟು ಬೆರಳ ತುದಿಗೆ ಇಳಿಯುತ್ತದೆ. ಕುಂಚವಿಲ್ಲ, ಬೆರಳೇ ಕುಂಚ. ಬಿಡಿಸುವಾಗ ಹಸಿಯಾಗಿ ಮಸುಕಾಗಿ ಕಂಡ ಗೆರೆ ಆರಿದ ಮೇಲೆ ಬೆಳ್ಳಗೆ ಎದ್ದು ಬರುತ್ತದೆ, ಆದ್ದರಿಂದ ಬಿಡಿಸುವವರು ಕಾಣದ್ದನ್ನು ಊಹಿಸಿಕೊಂಡೇ ಮುಂದೆ ಹೋಗಬೇಕು. ಬಂಗಾಳದ ಹಳ್ಳಿಮನೆಗಳ ವ್ರತದ ಈ ಕಲೆಯನ್ನು ಸುಕುಮಾರಿ ದೇವಿ ಎಂಬ ಹೆಣ್ಣುಮಗಳು ಕಲಾಭವನಕ್ಕೆ ತಂದರು. ಆಮೇಲೆ ಅದನ್ನು ಬೆಳೆಸಿದವರು ಅದೇ ಗೌರಿ, ಮದುವೆಯ ನಂತರ ಗೌರಿ ಭಂಜ. ಶ್ರೀಮತಿಯಾಗಿ ಕುಣಿದ ಕಾಲುಗಳೂ ಸಭೆಯ ನೆಲಕ್ಕೆ ಆಲ್ಪನಾ ಎಳೆದ ಬೆರಳುಗಳೂ ಒಬ್ಬಳದೇ. ಉತ್ಸವದ ಅಂಗಳದ ಆಲ್ಪನಾ ಸುಮ್ಮನೆ ಅಲಂಕಾರವೂ ಅಲ್ಲ. ಎಲ್ಲಿ ಕೂರಬೇಕು, ಎಲ್ಲಿಂದ ಬರಬೇಕು, ಎಲ್ಲಿ ಕುಣಿಯಬೇಕು ಎನ್ನುವುದನ್ನು ಅದು ನೆಲದ ಮೇಲೇ ಹೇಳಿಬಿಡುತ್ತದೆ.

ನಮ್ಮ ಮಲೆನಾಡಿನ ದೀವರ ಹೆಂಗಸರು ಮದುವೆಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವಾಗ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಗೆರೆ ಎಳೆಯುತ್ತಾರೆ. ಎಳೆಯುತ್ತ ಹಾಡುತ್ತಾರೆ. ಚಿತ್ರಕ್ಕೂ ಹಾಡಿಗೂ ಸಂದರ್ಭ ಒಂದೇ. ನಂದಲಾಲರು ವಿಶ್ವವಿದ್ಯಾಲಯದೊಳಕ್ಕೆ ತಂದದ್ದು ಇಂಥ ತಿಳಿವಳಿಕೆಯನ್ನು.

ಕಲಾಭವನದ ಆವರಣದಲ್ಲಿ 'ಕಾಲೋ ಬಾಡಿ' ಎಂಬ ಕಪ್ಪು ಮನೆಯಿದೆ. 1930ರ ದಶಕದ ನಡುವಿನಲ್ಲಿ ಎದ್ದ ಮಣ್ಣಿನ ಮನೆ. ಮಳೆಗೂ ಗೆದ್ದಲಿಗೂ ತಡೆಯಲೆಂದು ಗೋಡೆಗೆ ಡಾಂಬರು ಬಳಿದರು, ಹೆಸರು ಬಂದದ್ದು ಆ ಬಣ್ಣದಿಂದ. ಅದರ ಮೈಮೇಲೆಲ್ಲ ಉಬ್ಬುಶಿಲ್ಪ: ಸಿಂಧೂ ಮುದ್ರೆಯ ಗೂಳಿಯಿಂದ ಹಿಡಿದು ಈಜಿಪ್ಟಿನ ಆಕೃತಿಗಳವರೆಗೆ. ಮೇಷ್ಟರೂ ವಿದ್ಯಾರ್ಥಿಗಳೂ ಸೇರಿ ಮಾಡಿದ್ದು. ಕಲೆಯ ಇತಿಹಾಸದ ಪಾಠವನ್ನು ಮಣ್ಣಿನಲ್ಲಿ ಬರೆದುಕೊಂಡರು, ಬರೆದುಕೊಂಡ ಪಾಠದೊಳಗೇ ಹಿರಿಯ ವಿದ್ಯಾರ್ಥಿಗಳು ವಾಸವಿದ್ದರು. ಇಂಥ ಹಾಸ್ಟೆಲು ಇನ್ನೊಂದು ಎಲ್ಲಾದರೂ ಇದೆಯೇ ಎಂದು ನನಗೆ ಪ್ರತಿ ಸಲವೂ ಬೆರಗು.

ಸ್ವಲ್ಪ ದೂರದಲ್ಲೇ ರಾಮಕಿಂಕರ್ ಬೈಜ್ ಅವರ 'ಸಂತಾಲ ಕುಟುಂಬ', 1938ರದು. ಗಂಡ, ಹೆಂಡತಿ, ಮಕ್ಕಳು, ನಾಯಿ. ಗಂಟುಮೂಟೆ ಕಟ್ಟಿಕೊಂಡು ಹೊರಟಿರುವ ಸಂಸಾರ. ಕಂಚಿಗೂ ಅಮೃತಶಿಲೆಗೂ ದುಡ್ಡಿರಲಿಲ್ಲ, ಆ ನೆಲದ ಕೆಂಪು ಮುರಕಲ್ಲಿನ ಜಲ್ಲಿಯನ್ನು ಸಿಮೆಂಟಿಗೆ ಬೆರೆಸಿ ಬಯಲಲ್ಲೇ ಎರಚಿ ಕಟ್ಟಿದರು. ಅದನ್ನು ಸುತ್ತು ಹಾಕಿದರೆ ನಡಿಗೆಯ ಲಯ ಕಾಲಿಗೇ ತಾಕುತ್ತದೆ. ಈ ಶಿಲ್ಪಿ ನಾಟಕ ಆಡಿಸುತ್ತಿದ್ದರು, ರಂಗಸಜ್ಜಿಕೆ ಮಾಡುತ್ತಿದ್ದರು, ಗಟ್ಟಿ ಗಂಟಲಿನಲ್ಲಿ ಹಾಡುತ್ತಿದ್ದರು. ಹಾಗೆಂದು ಅವರು ಎಲ್ಲದರಲ್ಲಿ ಸ್ವಲ್ಪಸ್ವಲ್ಪ ಕೈಯಾಡಿಸಿದವರಲ್ಲ. ಶಿಲ್ಪ ಅವರ ಕಸುಬು. ನಾಟಕವೂ ಹಾಡೂ ಆ ಕಸುಬಿಗೆ ಬಂದು ಸೇರಿಕೊಂಡವು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅಂತರಶಿಸ್ತೀಯ ಎಂಬ ಹೆಸರಿನ ಕೋರ್ಸುಗಳಲ್ಲಿ ದೊಡ್ಡ ಅಪಾಯವೆಂದರೆ ಮೂರು ವರ್ಷ ಕಳೆದ ಮೇಲೆ ವಿದ್ಯಾರ್ಥಿಯ ಕೈಯಲ್ಲಿ ಯಾವ ಕೆಲಸವೂ ಪಳಗಿರುವುದಿಲ್ಲ. ಒಂದು ಸೆಮಿಸ್ಟರ್ ಛಾಯಾಗ್ರಹಣ, ಒಂದು ಸೆಮಿಸ್ಟರ್ ಕಳರಿ, ಇನ್ನೊಂದು ಸೆಮಿಸ್ಟರ್ ಸೌಂದರ್ಯಶಾಸ್ತ್ರ. ಒಂದಾದರೂ ಕಲೆ ಮೈಗೆ ಹತ್ತದಿದ್ದರೆ ಇನ್ನೊಂದರ ಹತ್ತಿರ ಹೋಗಿ ಕೇಳಲು ಪ್ರಶ್ನೆಯೇ ಇರುವುದಿಲ್ಲ. ಕಲೆ ಮೈಗೆ ಹತ್ತುವುದೆಂದರೆ ಹೀಗೆ: ಕಲಾಭವನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ 1946–47ರಲ್ಲಿ ಶಾಂತಿನಿಕೇತನದ ಹಿಂದಿ ಭವನದ ಮೂರು ಗೋಡೆಗಳ ಮೇಲೆ ಮಧ್ಯಯುಗದ ಸಂತರ ಬದುಕನ್ನು ಚಿತ್ರಿಸಿದಾಗ ಪೂರ್ಣ ಅಳತೆಯ ಕರಡು ನಕ್ಷೆ ಮಾಡಿಕೊಳ್ಳದೆ ನೇರವಾಗಿ ಹಸಿ ಗಾರೆಯ ಮೇಲೆ ಕೈಹಾಕಿದರು. ಗಾರೆ ಆರುವಷ್ಟರಲ್ಲಿ ಅಂದಿನ ಭಾಗ ಮುಗಿಯಲೇಬೇಕು, ತಿದ್ದಲು ಅವಕಾಶವಿಲ್ಲ. ರಾಗ ಗೊತ್ತಿದ್ದವನ ಆಲಾಪಕ್ಕೂ ಇಂಥದೇ ಧೈರ್ಯ ಬೇಕು. ಹುಟ್ಟಿನಿಂದಲೇ ದೃಷ್ಟಿ ದುರ್ಬಲವಾಗಿದ್ದ ಅವರು ಮುಂದೆ ಅದನ್ನು ಪೂರ್ತಿ ಕಳೆದುಕೊಂಡರು, ಆದರೂ ಕೆಲಸ ಬಿಡಲಿಲ್ಲ. 1940ರಲ್ಲಿ ಕಲಾಭವನಕ್ಕೆ ಬಂದು ಕೋರ್ಸು ಮುಗಿಸದೆ 1942ರಲ್ಲಿ ಹೊರಟುಹೋದ ಅವರ ಶಿಷ್ಯನೊಬ್ಬ 1972ರಲ್ಲಿ ಅವರ ಬಗ್ಗೆ 'ದಿ ಇನ್ನರ್ ಐ' ಎಂಬ ಸಾಕ್ಷ್ಯಚಿತ್ರ ಮಾಡಿದ. ಆ ಶಿಷ್ಯ ಸತ್ಯಜಿತ್ ರಾಯ್. ಚಿತ್ರಕಥೆ, ಸಂಗೀತ, ವೇಷದ ರೇಖಾಚಿತ್ರ, ಭಿತ್ತಿಪತ್ರ ಎಲ್ಲವನ್ನೂ ತಮ್ಮ ಕೈಯಲ್ಲೇ ಮಾಡಿಕೊಳ್ಳುತ್ತಿದ್ದ ನಿರ್ದೇಶಕ ಎಲ್ಲಿಂದ ಬಂದರು ಎನ್ನುವುದಕ್ಕೆ ಬೇರೆ ವಿವರಣೆ ಬೇಡ.

ಇದು ಹೊಸ ಮಾತಲ್ಲ

ಕಲೆಗಳನ್ನು ಕೂಡಿಸಿ ಕಲಿಯುವುದು ಪಶ್ಚಿಮದ ಹೊಸ ಫ್ಯಾಷನ್ ಎಂದು ಮೂಗು ಮುರಿಯುವವರಿದ್ದಾರೆ. ಅವರು 'ವಿಷ್ಣುಧರ್ಮೋತ್ತರ'ವನ್ನು ತೆರೆದು ನೋಡಬೇಕು. ವಿಗ್ರಹ ಮಾಡುವುದು ಹೇಗೆಂದು ಹೇಳಿಕೊಡಿ ಎಂದು ವಜ್ರ ಎಂಬ ರಾಜ ಮಾರ್ಕಂಡೇಯ ಋಷಿಯನ್ನು ಕೇಳುತ್ತಾನೆ. ಚಿತ್ರ ಗೊತ್ತಿಲ್ಲದೆ ಅದು ತಿಳಿಯದು ಎನ್ನುತ್ತಾರೆ ಋಷಿ. ಹಾಗಾದರೆ ಚಿತ್ರ ಹೇಳಿಕೊಡಿ ಎಂದರೆ ನೃತ್ಯ ಬೇಕು, ನೃತ್ಯಕ್ಕೆ ವಾದ್ಯ ಬೇಕು, ವಾದ್ಯಕ್ಕೆ ಗಾಯನ ಬೇಕು. ಈ ಗ್ರಂಥದ ಚಿತ್ರಭಾಗವನ್ನು 1924ರಲ್ಲಿ ಇಂಗ್ಲಿಷಿಗೆ ತಂದವರು ಸ್ಟೆಲ್ಲಾ ಕ್ರಾಮ್ರಿಶ್. ಟ್ಯಾಗೋರರ ಆಹ್ವಾನದ ಮೇಲೆ ಕಲಾಭವನಕ್ಕೆ ಬಂದು, ಗಾಥಿಕ್‌ನಿಂದ ದಾದಾವರೆಗಿನ ಯುರೋಪಿನ ಕಲೆಯನ್ನು ಪಾಠ ಮಾಡಿದ ಆಸ್ಟ್ರಿಯಾದ ವಿದುಷಿ. ಒಂದು ಕೈಯಲ್ಲಿ ದಾದಾ, ಇನ್ನೊಂದು ಕೈಯಲ್ಲಿ ಮಾರ್ಕಂಡೇಯ. ಕಲಾಭವನದ ಮೊದಲ ವಿದ್ಯಾರ್ಥಿಗಳಿಗೆ ಎರಡೂ ಸಿಕ್ಕವು.

ಟ್ಯಾಗೋರರು ದೂರದಿಂದಲೂ ಕಲೆ ತಂದರು. 1919ರಲ್ಲಿ ಸಿಲ್ಹೆಟ್‌ನಲ್ಲಿ ಮಣಿಪುರಿ ನೃತ್ಯ ನೋಡಿ ಮನಸೋತು ತ್ರಿಪುರಾದಿಂದ ಗುರುವನ್ನು ಕರೆಸಿದರು. 1927ರ ಜಾವಾ, ಬಾಲಿ ಪ್ರವಾಸಕ್ಕೆ ಸುರೇಂದ್ರನಾಥ ಕರ್ ಅವರನ್ನೂ ಕರೆದೊಯ್ದರು. ಅಲ್ಲಿನ ಬಾಟಿಕ್ ಬಟ್ಟೆಯೂ ಅಲ್ಲಿನ ಕುಣಿತವೂ ಒಟ್ಟಿಗೇ ಶಾಂತಿನಿಕೇತನದ ಕಣ್ಣಿಗೆ ಬಿದ್ದವು. ಶಾಂತಿದೇವ ಘೋಷ್ ಕೇರಳಕ್ಕೆ ಹೋಗಿ ಕಥಕಳಿ, ಸಿಲೋನಿಗೆ ಹೋಗಿ ಕ್ಯಾಂಡಿ ನೃತ್ಯ ಕಲಿತು ಬಂದರು.

ವೆಂಕಟಪ್ಪನವರ ವೀಣೆ

ನಂದಲಾಲರ ಸಹಪಾಠಿಯೊಬ್ಬರು ನಮ್ಮವರು. ಮೈಸೂರಿನ ಕೆ. ವೆಂಕಟಪ್ಪ. ಕೋಲ್ಕತ್ತದಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಇಬ್ಬರೂ ಕಲಿತರು. ಲೇಡಿ ಹೆರಿಂಗ್‌ಹ್ಯಾಮ್ ಅಜಂತಾದ ಭಿತ್ತಿಚಿತ್ರಗಳ ಪ್ರತಿ ಮಾಡಿಸಿದಾಗ ಅವರ ನೆರವಿಗೆ ಹೋದ ಯುವಕರಲ್ಲಿ ಇಬ್ಬರೂ ಇದ್ದರು. ಆಮೇಲೆ ದಾರಿ ಬೇರೆಯಾಯಿತು. ನಂದಲಾಲರಿಗೆ ಶಾಂತಿನಿಕೇತನ ಸಿಕ್ಕಿತು. ವೆಂಕಟಪ್ಪ ಮೈಸೂರಿಗೆ ಮರಳಿದರು.

ಇಲ್ಲಿ ವೀಣೆ ಶೇಷಣ್ಣನವರ ನಾದ ಅವರನ್ನು ಸೆಳೆಯಿತು. ಶಿಷ್ಯರಾದರು, ಹಗಲಿರುಳು ಸಾಧನೆಗೆ ಬಿದ್ದರು, ಆ ವೀಣೆಯ ಹುಚ್ಚನ್ನೇ ವಸ್ತುವಾಗಿಸಿ ಒಂದು ಚಿತ್ರವನ್ನೂ ಬರೆದರು. ಅವರ ಮಟ್ಟಿಗೆ ಚಿತ್ರ ಮತ್ತು ವೀಣೆ ಒಂದರ ಸಮಯವನ್ನು ಇನ್ನೊಂದು ಕಸಿಯುವ ಸವತಿಯರಾದವು. ಊಟಿ, ಕೊಡೈಕೆನಾಲ್‌ನ ಜಲವರ್ಣ ದೃಶ್ಯಗಳಲ್ಲಿ ಮಂಜು ಕರಗುವ ಬಗೆಯನ್ನು ನೋಡಿದವರಿಗೆ ಆ ಸಾಧನೆ ಎಲ್ಲಿಗೆ ಹೋಗಿ ಸೇರಿತು ಎಂಬುದು ಗೊತ್ತಾಗುತ್ತದೆ. ಆದರೆ ಅವರ ಸುತ್ತ ಎರಡನ್ನೂ ಕೂಡಿಸುವ ಒಂದು ಜಾಗವಿರಲಿಲ್ಲ, ಜೊತೆಗಾರರಿರಲಿಲ್ಲ, ಕಾಯುವ ಒಂದು ಪ್ರಯೋಗವಿರಲಿಲ್ಲ. ಹಳ್ಳಿಯಿಂದಲೋ ಬೆಂಗಳೂರಿನಿಂದಲೋ ಹೊರಟ ಪ್ರತಿಭಾವಂತರಿಗೆ ಆಮೇಲೂ ಇದೇ ಗತಿ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ರೇಖೆಗೆ ಲಯ ಬರಲೆಂದು ಮುಂಬೈಯಲ್ಲಿ ತಾವಾಗಿ ಗುರುವನ್ನು ಹುಡುಕಿಕೊಂಡು ಕಥಕ್ ಕಲಿತರು. ಅವರ ನರ್ತಕರ ರೇಖಾಚಿತ್ರಗಳು ಆ ಪಾಠದ ಫಲ. ಛಲವಿದ್ದವರು ಹೀಗೆ ತಾವೇ ದಾರಿ ಮಾಡಿಕೊಂಡರು. ಎಲ್ಲರಿಗೂ ಅಷ್ಟು ಛಲವಿರಲಿ ಎಂದು ಬಯಸುವುದು ಶಿಕ್ಷಣವಾಗುವುದಿಲ್ಲ.

ಮೈಸೂರಿನಲ್ಲಿ ಎಲ್ಲವೂ ಇದೆ

ಇಂದು ದೇಶದಲ್ಲಿ ದಾರಿಗಳು ಹೆಚ್ಚಿವೆ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಶಾಲೆಯಲ್ಲಿ ನೃತ್ಯ, ರಂಗಭೂಮಿ, ಚಿತ್ರಕಲೆ, ಸಂವಹನ ಒಂದೇ ಕಡೆ ಇವೆ. ದೆಹಲಿಯ ಜೆಎನ್‌ಯುನಲ್ಲಿ ದೃಶ್ಯಕಲೆ, ರಂಗಭೂಮಿ, ಸಿನಿಮಾ ಮೂರನ್ನೂ ಕೂಡಿಸಿ ಅಧ್ಯಯನ ಮಾಡಬಹುದು. ಆದರೆ ಅಲ್ಲಿ ಕಲಿಯುವುದು ಕಲೆಯ ಬಗ್ಗೆ ಯೋಚಿಸುವುದನ್ನು, ಕಲೆ ಮಾಡುವುದನ್ನಲ್ಲ. ಅರ್ಜಿ ಹಾಕುವವರು ಈ ವ್ಯತ್ಯಾಸ ತಿಳಿದಿರಬೇಕು. ಇಂಥ ದಾರಿಗಳಲ್ಲಿ ನಮ್ಮವರೂ ನಡೆದಿದ್ದಾರೆ. ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆಯಿಂದ ಶಾಂತಿನಿಕೇತನಕ್ಕೆ, ಅಲ್ಲಿಂದ ಲಂಡನ್ನಿನ ರಾಯಲ್ ಕಾಲೇಜಿಗೆ ಹೋದವರು. ಬರೋಡಾದಲ್ಲಿ ಶಿಲ್ಪ ಕಲಿತ ಬೆಂಗಳೂರಿನ ಪುಷ್ಪಮಾಲಾ ಎನ್. ಮುಂದೆ ತಾವೇ ವೇಷ ಧರಿಸಿ, ತಾವೇ ಪಾತ್ರವಾಗಿ ಛಾಯಾಚಿತ್ರ ಸರಣಿಗಳನ್ನು ಮಾಡಿದರು. ಶಿಲ್ಪ, ನಟನೆ, ಫೋಟೊ ಅಲ್ಲಿ ಒಂದೇ ದೇಹದಲ್ಲಿವೆ.

ಮತ್ತೆ ಮೈಸೂರು. ಚಿತ್ರ, ಶಿಲ್ಪಕ್ಕೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಎಲ್ಲರ ಬಾಯಲ್ಲಿ 'ಕಾವಾ'. ಸಂಗೀತ, ನೃತ್ಯ, ನಾಟಕಕ್ಕೆ ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು. ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೂ ಇದೇ ಊರಿನಲ್ಲಿ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣ ಇದೆ. ಒಂದು ಆಟೊ ಹಿಡಿದರೆ ಮಧ್ಯಾಹ್ನದೊಳಗೆ ನಾಲ್ಕನ್ನೂ ನೋಡಿ ಬರಬಹುದು. ಇಷ್ಟು ಹತ್ತಿರದಲ್ಲಿ ಇಷ್ಟೆಲ್ಲ ಇರುವ ಊರು ನಾಡಿನಲ್ಲಿ ಇನ್ನೊಂದಿಲ್ಲ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಅಲ್ಲಿ ನಟನೆ ಕಲಿಯಲು ಬಂದವರೇ ರಂಗಸಜ್ಜಿಕೆಗೆ ಮೊಳೆ ಹೊಡೆಯುತ್ತಾರೆ, ಬೆಳಕು ಕಟ್ಟುತ್ತಾರೆ, ಮೇಳದಲ್ಲಿ ಹಾಡುತ್ತಾರೆ. ಹಳ್ಳಿಗೆ ಸಾಧ್ಯವಾದದ್ದು ಅರಮನೆಯ ಊರಿಗೆ ಏಕೆ ಕಷ್ಟವಾಗಬೇಕು?

ತೊಡಕು ವೇಳಾಪಟ್ಟಿಯಲ್ಲಿದೆ, ಅಂಕಪಟ್ಟಿಯಲ್ಲಿದೆ. ಸ್ಟುಡಿಯೋ ಕೆಲಸಕ್ಕೆ ಇಡೀ ದಿನ ಬೇಕು, ನೃತ್ಯದ ಅಭ್ಯಾಸ ಬೆಳಗಿನದು, ನಾಟಕದ ತಾಲೀಮು ರಾತ್ರಿಯದು. ಗಂಟೆ ಬಾರಿಸುವ ಪೀರಿಯಡ್‌ಗಳ ನಡುವೆ ಇವು ಕೂಡುವುದಿಲ್ಲ. ಹತ್ತು ಜನ ಸೇರಿ ಮಾಡಿದ ಪ್ರಯೋಗಕ್ಕೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಅಂಕ ಹಾಕುವ ಬಗೆ ನಮ್ಮ ಪರೀಕ್ಷಾ ವಿಭಾಗಗಳಿಗೆ ಒಗ್ಗಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನೆಪದಲ್ಲಿ ಓಪನ್ ಎಲೆಕ್ಟಿವ್ ಬಂತು. ವಾರಕ್ಕೆ ಕೆಲವು ಗಂಟೆ ಬೇರೆ ವಿಷಯದ ತರಗತಿಯಲ್ಲಿ ಕೂತು ಬರುವುದು ಅದರ ಕ್ರಮ. ಕೂತು ಬಂದವರು ಯಾರ ಜೊತೆಗೂ ಏನನ್ನೂ ಮಾಡಲಿಲ್ಲ.

ನನ್ನ ಕೋರಿಕೆ ಸಣ್ಣದು. ಹೊಸ ವಿಶ್ವವಿದ್ಯಾಲಯ ಬೇಡ, ಹೊಸ ಕಟ್ಟಡವೂ ಬೇಡ. ಮೈಸೂರಿಗೆ ದಸರಾ ಇದೆ, ಅದಕ್ಕಿಂತ ದೊಡ್ಡ ಗಡುವು ಇನ್ನಾವುದು? ಪ್ರತಿ ದಸರೆಗೂ ಈ ನಾಲ್ಕು ಸಂಸ್ಥೆಗಳ ವಿದ್ಯಾರ್ಥಿಗಳು ಕೂಡಿ ಒಂದು ರಂಗಪ್ರಯೋಗ ಮಾಡಲಿ. ಜೂನ್‌ನಿಂದ ಕೆಲಸ ಶುರುವಾಗಲಿ, ವೇಷ, ಪರದೆ, ಮುಖವಾಡ ಕಾವಾದಲ್ಲಿ ತಯಾರಾಗಲಿ, ಅದು ಪಠ್ಯದ ಭಾಗವೆಂದೇ ಅಂಕಕ್ಕೆ ಸೇರಲಿ. ಜೊತೆಗೆ ಯಕ್ಷಗಾನದ ಬಣ್ಣದ ವೇಷಧಾರಿಯೊಬ್ಬರನ್ನು ಒಂದು ತಿಂಗಳು ಕರೆಸಿ ಚಿತ್ರಕಲಾ ವಿದ್ಯಾರ್ಥಿಗಳ ನಡುವೆ ಕೂರಿಸಲಿ. ತನ್ನ ಮುಖದ ಮೇಲೆ ತಾನೇ ಚಿತ್ರ ಬರೆದುಕೊಂಡು, ಆ ಚಿತ್ರವನ್ನು ಹೊತ್ತು ಕುಣಿದು ಮಾತಾಡುವವರ ಪಾಠವನ್ನು ಯಾವ ಪುಸ್ತಕ ಕೊಟ್ಟೀತು?

ಹೊಟ್ಟೆಪಾಡಿನ ಪ್ರಶ್ನೆಯನ್ನು ಅಪ್ಪ ಅಮ್ಮಂದಿರು ಕೇಳೇ ಕೇಳುತ್ತಾರೆ, ಕೇಳಬೇಕಾದದ್ದೇ. ಸಿನಿಮಾದ ಕಲಾ ನಿರ್ದೇಶನ, ರಂಗದ ಬೆಳಕು, ವಸ್ತುಸಂಗ್ರಹಾಲಯ, ಅನಿಮೇಷನ್, ಶಾಲೆಗಳಲ್ಲಿ ಕಲಾ ಶಿಕ್ಷಣ, 2012ರಲ್ಲಿ ಶುರುವಾದ ಕೊಚ್ಚಿ ಬಿನಾಲೆಯಂಥ ದೊಡ್ಡ ಪ್ರದರ್ಶನಗಳು: ಇಲ್ಲೆಲ್ಲ ಬೇಕಾಗಿರುವುದು ಎರಡು ಮೂರು ಕಲೆಗಳ ಭಾಷೆ ಬಲ್ಲ, ಒಂದರಲ್ಲಿ ಪಳಗಿದ ಕೈ. ಸಂಬಳ ತಿಂಗಳು ತಿಂಗಳು ಬರುತ್ತದೆ ಎಂದು ಭರವಸೆ ಕೊಡುವುದು ಸುಳ್ಳಾದೀತು. ಕೆಲಸ ಇದೆ, ಅದು ಪ್ರಯೋಗದಿಂದ ಪ್ರಯೋಗಕ್ಕೆ ಸಿಗುತ್ತದೆ.

ಪ್ರವೇಶಕ್ಕೆ ಅರ್ಜಿ ಹಾಕುವ ಮೊದಲು ಆ ಸಂಸ್ಥೆಗೆ ಹೋಗಿ ಒಂದು ವಿಷಯ ವಿಚಾರಿಸಿ: ಕಳೆದ ವರ್ಷ ಚಿತ್ರದವರೂ ನೃತ್ಯದವರೂ ಕೂಡಿ ಜನರ ಮುಂದೆ ಏನು ಮಾಡಿದಿರಿ? ಮಾಡಿದ್ದಾದರೆ ಅಲ್ಲಿನ ಹಿರಿಯ ವಿದ್ಯಾರ್ಥಿಗಳೇ ಫೋಟೊ ತೋರಿಸುತ್ತಾರೆ, ಜಗಳ ಆಡಿದ್ದನ್ನೂ ಹೇಳುತ್ತಾರೆ. ಸಾಧ್ಯವಿದ್ದವರು ಒಮ್ಮೆ ಕಲಾಭವನದ ನಂದನ ಮೇಳಕ್ಕೆ ಹೋಗಿ ಬನ್ನಿ. ನಂದಲಾಲರ ಹುಟ್ಟುಹಬ್ಬ ಡಿಸೆಂಬರ್ 3. ಅದರ ಹಿಂದಿನ ಎರಡು ದಿನ, 1973ರಿಂದ, ವಿದ್ಯಾರ್ಥಿಗಳೂ ಅಧ್ಯಾಪಕರೂ ತಾವು ಮಾಡಿದ್ದನ್ನು ಅಂಗಳದಲ್ಲಿ ಹರಡಿ ಕೈಗೆಟಕುವ ಬೆಲೆಗೆ ಮಾರುತ್ತಾರೆ, ಬಂದ ಹಣ ವಿದ್ಯಾರ್ಥಿಗಳ ಕಷ್ಟಕಾಲದ ನಿಧಿಗೆ ಹೋಗುತ್ತದೆ, ಸಂಜೆ ಹಾಡು, ಆಟ. ಹೌರಾದಿಂದ ಬೋಲ್ಪುರಕ್ಕೆ ರೈಲಿದೆ. ಚಳಿ ಶುರುವಾಗಿರುತ್ತದೆ, ಒಂದು ಶಾಲು ಇಟ್ಟುಕೊಳ್ಳಿ.